ಚೀಟಿ ಬಟ್ಟೆಗೆ ಮುಚ್ಚಿದ ಬಾಗಿಲು

ಶ್ರೀಮಂತ ದೇಶಗಳು ಬಡ ದೇಶಗಳ ಸರಕನ್ನು ಕೊಳ್ಳಬೇಕೇ ಎಂಬ ಚರ್ಚೆ ಇಂದಿನದಲ್ಲ. ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಇಂಥದೇ ವಾದ ಎದ್ದಿತ್ತು. ಆಗಿನ ಸರಕು ಭಾರತದ ಹತ್ತಿಬಟ್ಟೆ. ಭಾರತ ಆಗ ಬಡ ದೇಶವಾಗಿರಲಿಲ್ಲ ಎಂಬುದನ್ನು ಮಾತ್ರ ವಿದ್ಯಾರ್ಥಿಗಳು ಮರೆಯಬಾರದು.

ಉರ್ದುವಿನಲ್ಲಿ ಛೀಂಟ್, ಕನ್ನಡದಲ್ಲಿ ಚೀಟಿ ಎನ್ನುವ ಹೂವಿನ ಅಚ್ಚಿನ ಬಟ್ಟೆಯೇ ಇಂಗ್ಲಿಷಿನಲ್ಲಿ ಚಿಂಟ್ಸ್ ಆಯಿತು. ಈಸ್ಟ್ ಇಂಡಿಯಾ ಕಂಪನಿ ಇದನ್ನು ಕೋರಮಂಡಲ ತೀರದಿಂದಲೂ ಗುಜರಾತಿನಿಂದಲೂ ಒಯ್ಯುತ್ತಿತ್ತು. ಹಗುರ, ಅಗ್ಗ, ಒಗೆದರೂ ಬಣ್ಣ ಬಿಡದು. ಲಂಡನ್ನಿನ ಹೆಂಗಸರು ಮೆಚ್ಚಿದರು; ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರಿಗೆ ಕೆಲಸ ಕಡಿಮೆಯಾಯಿತು. 1697ರಲ್ಲಿ ನೇಕಾರರು ಕಂಪನಿಯ ಕಚೇರಿಯ ಮೇಲೆ ದಾಳಿ ಮಾಡಿದರು. 1719ರಲ್ಲಿ ಬೀದಿಯಲ್ಲಿ ಚೀಟಿ ತೊಟ್ಟ ಹೆಂಗಸರ ಉಡುಪನ್ನೇ ಹರಿದುಹಾಕಿದರು. ಆ ನಡತೆ ತಪ್ಪು, ಆದರೆ ಅವರ ಹಸಿವು ಸುಳ್ಳಲ್ಲ.

ಪಾರ್ಲಿಮೆಂಟು 1700ರ ಕಾಯಿದೆಯಿಂದ ಅಚ್ಚಿನ ಬಟ್ಟೆಯ ಆಮದನ್ನು ದೇಶದೊಳಗಿನ ಬಳಕೆಗೆ ನಿಷೇಧಿಸಿತು. 1721ರ ಕಾಯಿದೆ ತೊಡುವುದಕ್ಕೂ ದಂಡ ವಿಧಿಸಿತು. 1774ರಲ್ಲಿ ನಿಷೇಧ ಸಡಿಲವಾದದ್ದು ಬ್ರಿಟನ್ನಿನಲ್ಲೇ ನೇಯ್ದ ಹತ್ತಿಬಟ್ಟೆಗಾಗಿ. ಅಷ್ಟರಲ್ಲಿ ಆರ್ಕ್‌ರೈಟನ ನೂಲುವ ಯಂತ್ರ ಬಂದಿತ್ತು. ಮುಂದೆ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ನಮ್ಮ ಪೇಟೆಗೆ ನುಗ್ಗಿದಾಗ ಅದೇ ದೇಶದವರು ಮುಕ್ತ ವ್ಯಾಪಾರದ ಪಾಠ ಹೇಳಿದರು!

ಇತಿಹಾಸ ಇಲ್ಲಿಗೇ ನಿಲ್ಲಲಿಲ್ಲ. 1974ರ ಬಹುನಾರು ಒಪ್ಪಂದದಡಿ ಅಮೆರಿಕ, ಯುರೋಪುಗಳು ಹಿಂದುಳಿದ ದೇಶಗಳ ಬಟ್ಟೆಗೆ ಕೋಟಾ ಹಾಕಿದವು. ಅದು ಪೂರ್ತಿ ತೊಲಗಿದ್ದು 2005ರ ಜನವರಿ 1ರಂದು. ಬಾಂಗ್ಲಾದೇಶದಂಥ ಅತಿ ಬಡ ದೇಶಗಳಿಗೆ ಯುರೋಪು 2001ರಲ್ಲೇ ಸುಂಕವಿಲ್ಲದೆ ಬಾಗಿಲು ತೆರೆದಿತ್ತು. ಅಲ್ಲಿನ ಲಕ್ಷಾಂತರ ಹಳ್ಳಿ ಹೆಣ್ಣುಮಕ್ಕಳು ಮೊದಲ ಸಲ ಸ್ವಂತ ಸಂಬಳ ಕಂಡದ್ದು ಹೊಲಿಗೆ ಕಾರ್ಖಾನೆಗಳಲ್ಲಿ. ನಮ್ಮ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಬುತ್ತಿ ಹಿಡಿದು ಹೊರಡುವ ತಾಯಂದಿರೂ ಹೊರದೇಶದ ಆರ್ಡರನ್ನೇ ನಂಬಿದ್ದಾರೆ.

ಆದ್ದರಿಂದ ಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ತಮ್ಮಲ್ಲಿ ಕೆಲಸ ಕಳೆದುಕೊಂಡವರನ್ನು ಸಲಹುವುದು ಆಯಾ ಸರ್ಕಾರದ ಹೊಣೆ. ಅದಕ್ಕೆ ಇನ್ನೊಂದು ದೇಶದ ಬಡವರ ಅನ್ನ ಕಸಿಯಬಾರದು. ಆದರೆ ಅಗ್ಗದ ಅಂಗಿಯ ಬೆಲೆಯನ್ನು ಬೇರೆ ಯಾರೋ ತೆರುತ್ತಿರಬಹುದು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆಗ ಯುರೋಪಿನ ಅನೇಕ ಕಂಪನಿಗಳು ಕಾರ್ಮಿಕ ಸಂಘಗಳೊಡನೆ ಕಾರ್ಖಾನೆಗಳ ಸುರಕ್ಷತೆಗೆ ಕಾನೂನುಬದ್ಧ ಒಪ್ಪಂದ ಮಾಡಿಕೊಂಡವು. ಅವು ಕೊಳ್ಳುತ್ತಿದ್ದವು; ಅದರಿಂದಲೇ ಅವುಗಳನ್ನು ಹೊಣೆ ಮಾಡಲು ಸಾಧ್ಯವಾಯಿತು.