ಹೈದರಾಬಾದಿನ ಕಚೇರಿ ಮಾತು

1884ರಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಅದನ್ನು ಬಲ್ಲವರು ಹೆಚ್ಚು. ಆದರೂ ಬೀದರ, ಕಲಬುರಗಿ, ರಾಯಚೂರು ಕಡೆಯ ಕನ್ನಡವಷ್ಟೇ ಬಲ್ಲ ರೈತ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಿತ್ತು.

1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. 1963ರಲ್ಲಿ ಕನ್ನಡಕ್ಕೆ ರಾಜಭಾಷಾ ಕಾಯ್ದೆ ಬಂತು. ಅರ್ಜಿ, ಜಮೀನು, ವಸೂಲಿಯಂಥ ಹಳೆಯ ಪದಗಳು ಉಳಿದವು. ಅವು ಯಾರಿಗೂ ತೊಡಕಾಗಲಿಲ್ಲ. ತೊಡಕಾದದ್ದು ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಕನ್ನಡ. ಕ್ರಮ ಕೈಗೊಳ್ಳುವವರು ಯಾರು, ಯಾವಾಗ ಎಂಬುದೇ ಅದರಲ್ಲಿಲ್ಲ.

1998ರಲ್ಲಿ ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಈಗಿನ ಕಂಪನಿಗಳ ‘ಸಿನರ್ಜಿ’, ‘ಅಲೈನ್‌ಮೆಂಟ್’ಗಳಿಗೂ ಅದೇ ಚಾಳಿ. ಭಾಷೆ ಬದಲಾದರೆ ಸಾಲದು. ತನ್ನ ಕೆಲಸ ಏನಾಯಿತೆಂದು ಓದಿದವನಿಗೆ ತಿಳಿಯಬೇಕು.