ಹಾರ್ಮೋನ್ ಚಿಕಿತ್ಸೆ ಮತ್ತು ಸ್ತ್ರೀಯರಲ್ಲಿ ರಕ್ತ ಹೆಪ್ಪುಗಟ್ಟುವಿಕೆ

ಗರ್ಭನಿರೋಧಕ್ಕಾಗಿ, ಮುಟ್ಟಿನ ನಿಯಂತ್ರಣಕ್ಕಾಗಿ ಇಲ್ಲವೆ ಮುಟ್ಟು ನಿಂತ ಬಳಿಕದ ತೊಂದರೆಗಳ ಶಮನಕ್ಕಾಗಿ ಕೊಡುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಹಾರ್ಮೋನುಗಳು ರಕ್ತದ ಹೆಪ್ಪುಗಟ್ಟುವ ಗುಣವನ್ನು ಬದಲಿಸಬಲ್ಲವು. ನುಂಗಿದ ಈಸ್ಟ್ರೋಜನ್ ಕರುಳಿನಿಂದ ಮೊದಲು ಯಕೃತ್ತನ್ನು ಸೇರಿ, ಅಲ್ಲಿ ಫೈಬ್ರಿನೋಜನ್ ಮೊದಲಾದ ಹೆಪ್ಪುಕಾರಕ ಪ್ರೋಟೀನುಗಳನ್ನು ಹೆಚ್ಚಿಸಿ, ಹೆಪ್ಪನ್ನು ತಡೆಯುವ ಆಂಟಿಥ್ರಾಂಬಿನ್ ಮತ್ತು ಪ್ರೋಟೀನ್ ಎಸ್‌ಗಳನ್ನು ತಗ್ಗಿಸುವುದರಿಂದ, ಕಾಲಿನ ಆಳದ ಅಭಿಧಮನಿಗಳಲ್ಲಿ, ಅಂದರೆ ಹೃದಯದತ್ತ ಮರಳುವ ರಕ್ತನಾಳಗಳಲ್ಲಿ, ಹೆಪ್ಪು ಕಟ್ಟುವ ಸಂಭವ ಏರುತ್ತದೆ. ಅದು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೆ ಅಪಾಯ. ಚರ್ಮಕ್ಕೆ ಅಂಟಿಸುವ ಪಟ್ಟಿಯ ಈಸ್ಟ್ರೋಜನ್ ಯಕೃತ್ತನ್ನು ಮೊದಲು ಹಾಯದ ಕಾರಣ ಮುಟ್ಟು ನಿಂತವರಲ್ಲಿ ಈ ತೊಂದರೆ ಅಷ್ಟಾಗಿ ಕಂಡಿಲ್ಲ.

ಹಾರ್ಮೋನು ಮಾತ್ರೆಯಿಂದ ಹೆಪ್ಪು ಕಟ್ಟಿದ ಮೊದಲ ಪ್ರಕರಣವನ್ನು 1961ರಲ್ಲಿ ಇಂಗ್ಲೆಂಡಿನ ವೈದ್ಯ ಡಬ್ಲ್ಯು. ಎಂ. ಜೋರ್ಡಾನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಟ್ಟು ನಿಂತ 16,608 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದಾಗ, ಎರಡೂ ಹಾರ್ಮೋನು ನುಂಗಿದವರಲ್ಲಿ ಹೆಪ್ಪಿನ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು.

ನಮ್ಮಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಿಗೆ ಈ ಹಾರ್ಮೋನುಗಳು ತಲುಪುವ ಒಂದು ದಾರಿ ಆಶಾ ಕಾರ್ಯಕರ್ತೆಯರು ಕೊಡುವ ಗರ್ಭನಿರೋಧಕ ಮಾಲಾ-ಎನ್ ಮಾತ್ರೆ. ಅದರ ಒಂದು ಪಟ್ಟಿಯ 28 ಮಾತ್ರೆಗಳಲ್ಲಿ 21 ಮಾತ್ರ ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಹಾರ್ಮೋನಿನ ಪ್ರತಿ ಮಾತ್ರೆಯಲ್ಲಿ ಈಸ್ಟ್ರೋಜನ್ ಕೇವಲ 0.03 ಮಿಲಿಗ್ರಾಂ ಇದ್ದು, ಜೊತೆಗಿರುವ ಲೆವೊನಾರ್ಜೆಸ್ಟ್ರೆಲ್ ಹೆಪ್ಪಿನ ಮಟ್ಟಿಗೆ ಸೌಮ್ಯವಾದ ಪ್ರೊಜೆಸ್ಟಿನ್‌ಗಳಲ್ಲೊಂದು. ಸರ್ಕಾರವೇ ಕೊಡುವ ‘ಛಾಯಾ’ ಎಂಬ ಇನ್ನೊಂದು ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಇಲ್ಲ.

ಮಾತ್ರೆಯ ಭಯ ಅನೇಕ ವೇಳೆ ಅಳತೆ ಮೀರಿರುತ್ತದೆ. ಪಾಶ್ಚಾತ್ಯ ಅಂದಾಜಿನಂತೆ ವರ್ಷಕ್ಕೆ 10,000 ಮಹಿಳೆಯರಲ್ಲಿ ಹೆಪ್ಪು ಕಾಣುವುದು ಮಾತ್ರೆ ನುಂಗದವರಲ್ಲಿ 1ರಿಂದ 5, ನುಂಗುವವರಲ್ಲಿ 3ರಿಂದ 9, ಗರ್ಭಿಣಿಯರಲ್ಲಿ 5ರಿಂದ 20, ಹೆರಿಗೆಯ ನಂತರದ 12 ವಾರಗಳಲ್ಲಿ 40ರಿಂದ 65. ಬಾಣಂತಿಯರ ಮೆದುಳಿನ ಅಭಿಧಮನಿಗಳಲ್ಲಿ ಕಟ್ಟುವ ಹೆಪ್ಪನ್ನು ಬೆಂಗಳೂರಿನ ನಿಮ್ಹಾನ್ಸ್ ಬಹುಕಾಲದಿಂದ ಅಧ್ಯಯನ ಮಾಡಿದೆ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯಿಂದ ರಕ್ತ ಮಂದವಾಗುವುದೂ ಇದಕ್ಕೆ ಪೋಷಕ. ಹೀಗಾಗಿ ಹಾಲೂಡಿಸುವ ತಾಯಿಗೆ ಮೊದಲ ಆರು ವಾರ ಈಸ್ಟ್ರೋಜನ್ ಮಾತ್ರೆ ಸಲ್ಲದು. ಮೂವತ್ತೈದು ದಾಟಿದ ಧೂಮಪಾನಿಗಳಿಗೂ, ಹಿಂದೆ ಹೆಪ್ಪು ಕಟ್ಟಿದ್ದವರಿಗೂ ಅದು ನಿಷಿದ್ಧ.

ಮಾಲಾ-ಎನ್‌ಗಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ಹಬ್ಬ, ಜಾತ್ರೆ, ಮದುವೆಗಳಿಗೆ ಮುಟ್ಟು ಮುಂದೂಡಲು ವೈದ್ಯರನ್ನು ಕೇಳದೆ ಮೆಡಿಕಲ್ ಸ್ಟೋರಿನಿಂದ ತರುವ ನಾರ್‌ಎಥಿಸ್ಟೆರೋನ್ ಮಾತ್ರೆಯ ವಿಷಯದಲ್ಲಿ. ಹೆಚ್ಚಿನ ಪ್ರಮಾಣದಲ್ಲಿ ನುಂಗಿದಾಗ ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಹಾರ್ಮೋನು ನುಂಗುತ್ತಿರುವಾಗ ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಬಾರದು, ತಿಕ್ಕಿದರೆ ಹೆಪ್ಪು ಕಳಚಬಹುದು. ಉಸಿರುಗಟ್ಟುವಿಕೆ, ಎದೆನೋವು ಇಲ್ಲವೆ ಹಠಾತ್ತನೆ ಬಂದ ತೀವ್ರ ತಲೆನೋವಿದ್ದರೆ ತಡಮಾಡದೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯನ್ನು ಸೇರಬೇಕಾಗುತ್ತದೆ.