ಶಾಂತಿಪ್ರಾರ್ಥನೆಯ ಕರ್ತೃತ್ವ: ಒಂದು ವಿಚಾರ

ತಾನು ಶಾಂತಿಯನ್ನು ತರುವವನಾಗಬೇಕೆಂದು ಭಕ್ತನು ದೇವರನ್ನು ಬೇಡುವ ಕಿರುಪ್ರಾರ್ಥನೆಯೊಂದು ಕ್ರೈಸ್ತ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಮನೆ, ಶಾಲೆ, ಆಸ್ಪತ್ರೆಗಳಲ್ಲಿ ಇದನ್ನು ಹೇಳುವವರು ಅಸೀಸಿಯ ಸಂತ ಫ್ರಾನ್ಸಿಸನ ರಚನೆಯೆಂದೇ ಇದನ್ನು ಭಾವಿಸುತ್ತಾರೆ. 1979ರಲ್ಲಿ ಮದರ್ ತೆರೇಸಾ ಅವರು ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಸಂದರ್ಭದಲ್ಲಿಯೂ ಸಂತನ ಹೆಸರಿನಿಂದಲೇ ಇದು ಪಠಿತವಾಯಿತು. ಈ ನಂಬಿಕೆಗೆ ಆಧಾರವೇನು, ಆಧಾರವಿಲ್ಲವಾದರೆ ಪ್ರಾರ್ಥನೆಯ ಬೆಲೆ ಕುಂದುವುದೆ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಫ್ರಾನ್ಸಿಸನು 1226ರಲ್ಲಿ ಕಾಲವಾದನು. ಅವನ ಬರಹಗಳ ಹಳೆಯ ಸಂಕಲನಗಳಲ್ಲಾಗಲಿ, ಆದಿಕಾಲದ ಚರಿತೆಗಳಲ್ಲಾಗಲಿ ಈ ಪ್ರಾರ್ಥನೆ ದೊರೆಯುವುದಿಲ್ಲ. ನಮಗೆ ತಿಳಿದಿರುವ ಅತ್ಯಂತ ಹಳೆಯ ಪಾಠವು 1912ರ ಡಿಸೆಂಬರಿನಲ್ಲಿ, ಪ್ಯಾರಿಸಿನ ‘ಲ ಕ್ಲೊಷೆತ್’ (ಕಿರುಗಂಟೆ) ಎಂಬ ಪುಟ್ಟ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾದುದು. ಬಲಿಪೂಜೆಯ ಭಕ್ತಿಯನ್ನು ಹರಡುತ್ತಿದ್ದ ಈ ಪತ್ರಿಕೆಗೆ ಪಾದ್ರಿ ಬುಕೆರೆಲ್ ಸಂಪಾದಕರು. ಅಲ್ಲಿ ಕರ್ತೃವಿನ ಹೆಸರಿಲ್ಲ. 1916ರ ಜನವರಿಯಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ವ್ಯಾಟಿಕನ್ನಿನ ‘ಒಸ್ಸೆರ್ವಾತೋರೆ ರೊಮಾನೊ’ ಇದನ್ನು ಪ್ರಕಟಿಸಿತು. ಕೆಲಕಾಲದ ತರುವಾಯ ಫ್ರಾನ್ಸಿಸ್ಕನ್ ಪಾದ್ರಿಯೊಬ್ಬರು ಸಂತನ ಚಿತ್ರವಿದ್ದ ಚೀಟಿಯ ಹಿಂಬದಿಯಲ್ಲಿ ಇದನ್ನು ಮುದ್ರಿಸಿದರು. 1927ರಲ್ಲಿ ಫ್ರಾನ್ಸಿನ ಪ್ರಾಟೆಸ್ಟೆಂಟ್ ಶಾಂತಿಸಂಘವೊಂದು ಇದನ್ನು ಫ್ರಾನ್ಸಿಸನದೆಂದು ಹೇಳಿತು. ಮುಂಬದಿಯ ಚಿತ್ರವೇ ಹಿಂಬದಿಯ ಮಾತಿಗೆ ಕರ್ತೃವನ್ನು ಒದಗಿಸಿತೆಂದು ಊಹಿಸಲು ಅವಕಾಶವುಂಟು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಇದರ ಪ್ರಚಾರ ಬಹಳವಾಯಿತು. 2001ರಲ್ಲಿ ಪ್ರಕಟವಾದ ಕ್ರಿಸ್ತಿಯಾನ್ ರೆನೂ ಅವರ ಗ್ರಂಥವು ಈ ಪರಂಪರೆಯನ್ನು ವಿವರವಾಗಿ ನಿರೂಪಿಸಿದೆ.

ಆದರೆ ಜನರು ಈ ಹೆಸರನ್ನು ಸುಲಭವಾಗಿ ಒಪ್ಪಿದುದು ಅಕಾರಣವಲ್ಲ. 1219ರಲ್ಲಿ ಐದನೆಯ ಕ್ರೂಸೇಡು ನಡೆದಿರುವಾಗ ಫ್ರಾನ್ಸಿಸನು ಶತ್ರುಪಾಳೆಯಕ್ಕೆ ನಿರಾಯುಧನಾಗಿ ಹೋಗಿ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲನನ್ನು ಕಂಡನು. ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದ ಪ್ರಸಂಗವೊಂದನ್ನು ಅವನ ಸಂಗಡಿಗರ ನೆನಪುಗಳು ಉಳಿಸಿವೆ. ಅವನ ಅಂತ್ಯಕಾಲದಲ್ಲಿ ಅಸೀಸಿಯ ಬಿಷಪನಿಗೂ ನಗರಾಧಿಕಾರಿಗೂ ವೈಮನಸ್ಯವುಂಟಾಯಿತು. ಬಿಷಪನು ಅಧಿಕಾರಿಗೆ ಧರ್ಮಬಹಿಷ್ಕಾರ ಹಾಕಿದನು. ಅಧಿಕಾರಿಯು ಬಿಷಪನೊಡನೆ ಯಾರೂ ಕೊಡುಕೊಳ್ಳುವ ವ್ಯವಹಾರ ನಡೆಸಬಾರದೆಂದು ಸಾರಿಸಿದನು. ರೋಗಶಯ್ಯೆಯಲ್ಲಿದ್ದ ಫ್ರಾನ್ಸಿಸನು ತನ್ನ ಸೃಷ್ಟಿಸ್ತುತಿಗೆ ಕ್ಷಮಾಶೀಲರನ್ನು ಕುರಿತ ಚರಣವೊಂದನ್ನು ಸೇರಿಸಿ, ಇಬ್ಬರನ್ನೂ ಒಂದೆಡೆ ಕರೆಸಿ, ಸಹೋದರರಿಂದ ಅದನ್ನು ಹಾಡಿಸಿದನು. ಇಬ್ಬರೂ ಅಲ್ಲಿಯೇ ರಾಜಿಯಾದರಂತೆ.

ಹೀಗಿರಲು ಪ್ರಾರ್ಥನೆಯು ಸಂತನ ಮಾತಲ್ಲವಾದರೂ ಅವನ ನಡತೆಗೆ ಹೊರಗಾದುದಲ್ಲ. 1916ರಲ್ಲಿ ಯುದ್ಧನಿರತ ರಾಷ್ಟ್ರಗಳ ಕ್ರೈಸ್ತರು ಪರಸ್ಪರ ವಿರುದ್ಧವಾಗಿ ಜಯವನ್ನು ಬೇಡುತ್ತಿದ್ದರು. ಈ ಪ್ರಾರ್ಥನೆಯಲ್ಲಿ ಜಯದ ಮಾತಿಲ್ಲ. ಎದುರಾಳಿ ಬದಲಾಗಲೆಂಬ ಕೋರಿಕೆಯೂ ಇಲ್ಲ. ಬದಲಾಗಬೇಕಾದವನು ಬೇಡುವವನೇ. ಆದುದರಿಂದಲೇ ಅಣ್ಣತಮ್ಮಂದಿರ ಮನಸ್ತಾಪ, ನೆರೆಹೊರೆಯ ಜಗಳ, ಸಭೆಯೊಳಗಿನ ಒಡಕು ಮೊದಲಾದ ದಿನನಿತ್ಯದ ಕಲಹಗಳಿಗೆ ಇದು ಅನ್ವಯಿಸುತ್ತದೆ. ಅಂತಹ ಕಲಹಗಳಲ್ಲಿ ಪ್ರಾರ್ಥಿಸಿದವನು ತಾನೇ ಮೊದಲು ಎದ್ದು ಹೋಗಬೇಕಾಗುತ್ತದೆ. ಅಸೀಸಿಯಲ್ಲಿಯೂ ಹಾಡಿಗೆ ಮುಂಚೆ ಇಬ್ಬರನ್ನು ಕರೆಸುವ ಕಾರ್ಯ ನಡೆಯಿತೆಂಬುದನ್ನು ಮರೆಯಬಾರದು.

ಕರ್ತೃತ್ವದ ಶೋಧನೆಯು ಭಕ್ತಿಗೆ ಅಪಚಾರವೆಂದು ಕೆಲವರು ಭಾವಿಸಬಹುದು. ಆದರೆ ದ್ವೇಷಕ್ಕೆ ಪ್ರೀತಿಯನ್ನು ಎದುರಿಡುವ ಈ ಪ್ರಾರ್ಥನೆಯು ತಪ್ಪಿಗೆ ಸತ್ಯವನ್ನೂ ಎದುರಿಡುತ್ತದೆ. ಅದನ್ನು ತಪ್ಪು ಹೆಸರಿನ ಬಲದಿಂದ ಕಾಪಾಡುವ ಅಗತ್ಯವಿಲ್ಲ. ಕೀರ್ತಿಯನ್ನು ಬಯಸದೆ ಬರೆದ ಆ ಅಜ್ಞಾತ ವ್ಯಕ್ತಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವಾಗಿದೆ.